‘ನಾವಿಲ್ಲಿ ಕ್ಷೇಮ’: ಹೆಂಟೆ ಮನೆಯಿಂದ ತವರಿಗೆ ಹೋದ ಕಾಗದಗಳು

ಭಾಗ 1/9: ಬಯಲಲ್ಲಿ ಆರ್ಗನ್

ಮೊದಲು ಒಂದು ಫೋಟೋ ಕಥೆ.

ಅಮೆರಿಕದ ನೆಬ್ರಾಸ್ಕ ರಾಜ್ಯ, 1880ರ ದಶಕ. ಬಟಾಬಯಲು. ಬಯಲಿನ ನಡುವೆ ಒಂದು ಆರ್ಗನ್, ಅಂದ್ರೆ ಕಾಲಲ್ಲಿ ತುಳಿದು ಗಾಳಿ ಹಾಕಿ ನುಡಿಸುವ ದೊಡ್ಡ ವಾದ್ಯ. ಅದರ ಪಕ್ಕ ಹಿಲ್ಟನ್ ಅನ್ನೋ ಕುಟುಂಬ ಒಳ್ಳೆ ಬಟ್ಟೆ ಹಾಕ್ಕೊಂಡು ನಿಂತಿದೆ. ಹಿಂದೆ ದನಕರು. ಮನೆ ಮಾತ್ರ ಕಾಣಲ್ಲ.

ಯಾಕೆ ಗೊತ್ತಾ? ಮನೆ ಮಣ್ಣಿನದು. ನಮ್ಮ ಹತ್ರ ಆರ್ಗನ್ ಇದೆ ಅಂತ ದೂರದ ನೆಂಟರಿಗೆ ಗೊತ್ತಾಗಬೇಕು, ಮಣ್ಣಿನ ಮನೇಲಿದ್ದೀವಿ ಅಂತ ಗೊತ್ತಾಗಬಾರದು. ಅದಕ್ಕೇ ಅಷ್ಟು ಭಾರದ ವಾದ್ಯವನ್ನ ಹೊರಗೆ ತಂದು ಫೋಟೋ ತೆಗೆಸಿದರು. ತೆಗೆದವನು ಸಾಲಮನ್ ಬುಚರ್. 1886ರಿಂದ 1912ರ ತನಕ ನೆಬ್ರಾಸ್ಕದ ರೈತರ ಮನೆ ಮನೆಗೆ ಹೋಗಿ ಅವನು ತೆಗೆದ ಗಾಜಿನ ನೆಗೆಟಿವ್‌ಗಳು ಸುಮಾರು 3,000 ಉಳಿದಿವೆ.

ನಗಬೇಡಿ. ಹಾಸ್ಟೆಲ್ ರೂಮಿನ ಒಂದೇ ಮೂಲೆ ಗುಡಿಸಿ, ಅಲ್ಲೇ ನಿಂತು ಸೆಲ್ಫಿ ತೆಗೆದು ಮನೆಗೆ ಕಳಿಸೋರು ನಾವು.

ಆದರೆ ಈ ಸರಣಿ ಫೋಟೋಗಳ ಬಗ್ಗೆ ಅಲ್ಲ, ಕಾಗದಗಳ ಬಗ್ಗೆ. ಅದೇ ನೆಬ್ರಾಸ್ಕದಲ್ಲಿ, ಬುಚರ್ ಕ್ಯಾಮೆರಾ ಹಿಡಿಯೋಕೂ ಹತ್ತು ವರ್ಷ ಮೊದಲೇ, ಆಬ್ಲಿಂಗರ್ ಅನ್ನೋ ಒಂದು ಬಡ ರೈತ ಕುಟುಂಬ ಇತ್ತು. ಅವರ ಮನೆಯ ಕಾಗದಗಳು ಸುಮಾರು 3,000 ಪುಟ ಉಳಿದುಕೊಂಡಿವೆ. ಮೂಲ ಪ್ರತಿಗಳು ನೆಬ್ರಾಸ್ಕದ ಇತಿಹಾಸ ಸಂಸ್ಥೆಯಲ್ಲಿವೆ. ಲೈಬ್ರರಿ ಆಫ್ ಕಾಂಗ್ರೆಸ್ ಅವನ್ನು ಬುಚರ್‌ನ ಫೋಟೋಗಳ ಜೊತೆಗೇ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ.

ನಮ್ಮ ಅಜ್ಜಿಯರ ಕಾಲದ ಇನ್‌ಲ್ಯಾಂಡ್ ಲೆಟರ್ ನೋಡಿದೀರಾ? ಯಾವ ಮನೆಯದೇ ಇರಲಿ, ಶುರು ಒಂದೇ ಥರ: ನಾವಿಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ. ಮನೇಲಿ ಜ್ವರ ಇರಲಿ, ಸಾಲ ಇರಲಿ, ಮೊದಲು ಕ್ಷೇಮ. ದೂರದಿಂದ ಒಬ್ಬರು ಕ್ಷೇಮ ಅಂತ ಬರೆದಾಗ ಅದನ್ನು ಓದೋದು ಹೇಗೆ? ಯಾವುದು ಹೊರಗೆ ತಂದಿಟ್ಟ ಆರ್ಗನ್, ಯಾವುದು ಮರೆಯಲ್ಲಿಟ್ಟ ಮನೆ?

ಈ ಪ್ರಶ್ನೆ ಹಿಡ್ಕೊಂಡು ಒಂಬತ್ತು ಭಾಗ. ಬನ್ನಿ.

ಭಾಗ 2/9: ಅರ್ಧ ಪಾಲಿನ ಬದುಕು

ಯುರಾಯ ಆಬ್ಲಿಂಗರ್ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯದಲ್ಲಿದ್ದವನು. ಯುದ್ಧ ಮುಗಿದ ಮೇಲೆ 1869ರಲ್ಲಿ ಮದುವೆಯಾದ. ಹೆಂಡತಿ ಮಾರ್ಥಾ, ಎಲ್ಲರೂ ಕರೆಯೋದು ಮ್ಯಾಟಿ. ಊರು ಇಂಡಿಯಾನಾ ರಾಜ್ಯದಲ್ಲಿ. ಒಬ್ಬ ಪುಟ್ಟ ಮಗಳು, ಹೆಸರು ಎಲ್ಲಾ. (ಹೌದು, ಅದೇ ಹೆಸರು. ‘ಎಲ್ಲಾ ಚೆನ್ನಾಗಿದ್ದಾಳೆ’ ಅಂತ ಬರೆದರೆ ವ್ಯಾಕರಣ ತಪ್ಪು ಅನ್ಕೋಬೇಡಿ.)

ಸ್ವಂತ ಜಮೀನು ಇರಲಿಲ್ಲ. ಬೇರೆಯವರ ನೆಲ, ಇವರ ದುಡಿಮೆ. ನಮ್ಮಲ್ಲಿ ಗೇಣಿ ಅಂತೀವಲ್ಲ, ಹತ್ತಿರ ಹತ್ತಿರ ಅದೇ. ಬೆಳೆದದ್ದರಲ್ಲಿ ದೊಡ್ಡ ಪಾಲು ಒಡೆಯನಿಗೆ. ವಸಂತ ಬಂತು ಅಂದ್ರೆ ಈ ಸಲ ಇದೇ ಜಮೀನು ಸಿಗುತ್ತಾ, ಗಂಟುಮೂಟೆ ಕಟ್ಟಬೇಕಾ ಅನ್ನೋ ಚಿಂತೆ.

ಅಂಥವರ ಕಿವಿಗೆ ಬಿದ್ದ ಸುದ್ದಿ ಹೋಮ್‌ಸ್ಟೆಡ್ ಕಾಯ್ದೆ. 1862ರ ಮೇ 20ರಂದು ಅಧ್ಯಕ್ಷ ಲಿಂಕನ್ ಸಹಿ ಹಾಕಿದ ಕಾನೂನು. ಅದು ಹೇಳಿದ್ದಿಷ್ಟು: 21 ವರ್ಷ ತುಂಬಿದವರು ಅಥವಾ ಒಂದು ಸಂಸಾರದ ಯಜಮಾನರಾದವರು ಪಶ್ಚಿಮದ ಸರ್ಕಾರಿ ನೆಲದಲ್ಲಿ 160 ಎಕರೆಗೆ ಅರ್ಜಿ ಹಾಕಬಹುದು. ಅಲ್ಲೇ ಮನೆ ಕಟ್ಟಬೇಕು, ಉಳಬೇಕು, ಐದು ವರ್ಷ ವಾಸ ಮಾಡಬೇಕು. ಆಮೇಲೆ ಹಕ್ಕುಪತ್ರ. ಖರ್ಚು ಎಲ್ಲಾ ಶುಲ್ಕ ಸೇರಿ ಸುಮಾರು 18 ಡಾಲರ್. 1872ರ ಇನ್ನೊಂದು ಕಾನೂನಿನ ಪ್ರಕಾರ, ಸೈನ್ಯದಲ್ಲಿ ದುಡಿದವರು ಸೇವೆಯ ವರ್ಷಗಳನ್ನು ಆ ಐದರಲ್ಲಿ ಕಳೆದುಕೊಳ್ಳಬಹುದಿತ್ತು.

160 ಎಕರೆ. ಓದಿದಾಗ ನನಗೂ ಒಂದು ಕ್ಷಣ ತಲೆ ತಿರುಗಿತು.

1872ರ ಶರತ್ಕಾಲದಲ್ಲಿ ಯುರಾಯ ಭಾವಮೈದುನರ ಜೊತೆ ಹೊರಟ. ಮ್ಯಾಟಿ ಮಗಳನ್ನು ಕಟ್ಟಿಕೊಂಡು ತವರಿನವರ ಹತ್ತಿರ ಉಳಿದಳು. ಅವನು ಹೋಗಿ ನೆಲ ಹಿಡಿದು, ಒಂದು ಸೂರು ಮಾಡಿಕೊಂಡು ಇವಳನ್ನು ಕರೆಸಿಕೊಳ್ಳಬೇಕು. ಅಲ್ಲಿಯವರೆಗೆ ಇಬ್ಬರ ನಡುವೆ ಇದ್ದದ್ದು ಮೂರು ಸೆಂಟ್ ಅಂಚೆ ಚೀಟಿ ಮಾತ್ರ.

ಆ ಸರ್ಕಾರಿ ನೆಲ ಸರ್ಕಾರಕ್ಕೆ ಎಲ್ಲಿಂದ ಬಂತು? ಒಳ್ಳೆ ಪ್ರಶ್ನೆ. ಎಂಟನೇ ಭಾಗಕ್ಕೆ ಇಟ್ಕೊಳ್ಳಿ.

ಭಾಗ 3/9: ಕಣ್ಣು ಹಾಯುವಷ್ಟು

ಯುರಾಯ ಹೋಗಿದ್ದು ನೆಬ್ರಾಸ್ಕದ ಫಿಲ್ಮೋರ್ ಕೌಂಟಿಗೆ. ರೈಲು ಆ ಕಡೆ ಬಂದು ಹೆಚ್ಚು ದಿನ ಆಗಿರಲಿಲ್ಲ. ಒಂದು ತಮಾಷೆ ಕೇಳಿ: ರೈಲು ಕಂಪನಿಯವರು ಸ್ಟೇಷನ್‌ಗಳಿಗೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲೇ ಹೆಸರಿಟ್ಟುಕೊಂಡು ಹೋದರು. ಕ್ರೀಟ್, ಡಾರ್ಚೆಸ್ಟರ್, ಎಕ್ಸಿಟರ್, ಫೇರ್‌ಮಾಂಟ್, ಗ್ರಾಫ್ಟನ್, ಹಾರ್ವರ್ಡ್… ಊರು ಹುಟ್ಟೋಕೆ ಮುಂಚೆ ಹೆಸರು ಹುಟ್ಟಿತ್ತು. 1870ರಲ್ಲಿ 1,22,993 ಇದ್ದ ನೆಬ್ರಾಸ್ಕದ ಜನಸಂಖ್ಯೆ 1880ಕ್ಕೆ 4,52,402. ಹತ್ತೇ ವರ್ಷ!

ಅಲ್ಲಿಂದ ಯುರಾಯ ಹೆಂಡತಿಗೆ ಬರೆದ ಕಾಗದಗಳನ್ನು ಓದಬೇಕು. ಇಲ್ಲಿ ನಿನಗೆ ಬೇಕಾದಷ್ಟು ದೂರ ನೋಡಬಹುದು, ಕಂಡ ನೆಲವೆಲ್ಲ ಹೆಚ್ಚೂಕಡಿಮೆ ಉಳೋದಕ್ಕೆ ಆಗುವಂಥದ್ದೇ ಅಂತ ಬರೆಯುತ್ತಾನೆ. ಮರ ಕಡಿಯಬೇಕಾಗಿಲ್ಲ, ಕಲ್ಲು ಆರಿಸಬೇಕಾಗಿಲ್ಲ. ಗೇಣಿ ನೆಲದಲ್ಲಿ ಬೆವರು ಸುರಿಸಿದವನ ಕಣ್ಣಿಗೆ ಬಯಲು ಹೇಗೆ ಕಂಡಿತ್ತು ಅಂತ ಆ ಒಂದು ಮಾತಲ್ಲೇ ಗೊತ್ತಾಗುತ್ತೆ.

ಆದರೆ ಮರ ಇಲ್ಲ ಅಂದ್ರೆ ತಡೆಯೂ ಇಲ್ಲ. 1873ರ ಏಪ್ರಿಲ್ 13, ಈಸ್ಟರ್ ಭಾನುವಾರ. ವಸಂತ ಬಂತು ಅಂತ ಎಲ್ಲರೂ ನಿರಾಳವಾಗಿದ್ದ ದಿನ ಮಳೆ ಶುರುವಾಯಿತು, ಮಳೆ ಹಿಮವಾಯಿತು, ಬಿರುಗಾಳಿ ಮೂರು ದಿನ ಬಿಡಲಿಲ್ಲ. ಮನೆಯಿಂದ ಕೊಟ್ಟಿಗೆಗೆ ಹೋಗೋಕೂ ದಾರಿ ಕಾಣದಂಥ ಹಿಮ. ಎಷ್ಟೋ ಜನ ದನ, ಕುದುರೆ, ಕೋಳಿಗಳನ್ನು ತಾವು ಮಲಗೋ ಕೋಣೆಗೇ ತಂದು ಉಳಿಸಿಕೊಂಡರು. ತರಲಾಗದವರ ಜಾನುವಾರು ನಿಂತಲ್ಲೇ ಸತ್ತವು. ಇಂದಿಗೂ ನೆಬ್ರಾಸ್ಕದವರು ಅದನ್ನು ಈಸ್ಟರ್ ಬಿರುಗಾಳಿ ಅಂತಲೇ ನೆನೆಯುತ್ತಾರೆ.

ಆ ಬಿರುಗಾಳಿಯ ಸುದ್ದಿಯೂ ಆಬ್ಲಿಂಗರ್ ಕಾಗದಗಳಲ್ಲಿದೆ. ಈಗ ಯುರಾಯನ ಜಾಗದಲ್ಲಿ ನಿಂತು ಯೋಚಿಸಿ. ಹೆಂಡತಿ ಮಗು ಇನ್ನೇನು ಹೊರಡೋ ಹೊತ್ತು. ಇದನ್ನು ಬರೆಯಬೇಕಾ? ಬರೆದರೆ ಅವಳು ಹೆದರಬಹುದು, ಬರಲ್ಲ ಅನ್ನಬಹುದು. ಬರೆಯದೆ ಇದ್ದರೆ ಮೋಸ. ಅವನು ಬರೆದ.

ಮ್ಯಾಟಿ ಅದನ್ನು ಓದಿಯೂ ಹೊರಟಳು. ಮೇ ತಿಂಗಳಲ್ಲಿ, ಮಗಳ ಜೊತೆ, ರೈಲಿನಲ್ಲಿ.

ಭಾಗ 4/9: ಹೆಂಟೆ ಮನೆ ಕಟ್ಟೋದು ಹೇಗೆ

ಮರ ಇಲ್ಲ, ಕಲ್ಲಿಲ್ಲ, ಇಟ್ಟಿಗೆ ಕೊಳ್ಳೋಕೆ ದುಡ್ಡಿಲ್ಲ. ಇರೋದು ಹುಲ್ಲು ಮತ್ತು ಮಣ್ಣು. ಏನು ಮಾಡ್ತೀರಿ?

ನೆಬ್ರಾಸ್ಕದ ಹುಲ್ಲುಗಾವಲು ಯಾರೂ ನೇಗಿಲು ಹಾಕದ ನೆಲ. ಹುಲ್ಲಿನ ಬೇರು ಒಳಗೆ ಚಾಪೆಯಂತೆ ಹೆಣೆದುಕೊಂಡು ಮಣ್ಣನ್ನು ಬಿಗಿಯಾಗಿ ಹಿಡಿದಿರುತ್ತಿತ್ತು. ಅದನ್ನು ಸೀಳೋಕೆ ಅಂತಲೇ ವಿಶೇಷ ನೇಗಿಲು ಇತ್ತು. ಅದು ಮಣ್ಣನ್ನು ಪುಡಿ ಮಾಡುತ್ತಿರಲಿಲ್ಲ, ಸುಮಾರು ನಾಲ್ಕು ಇಂಚು ದಪ್ಪ, ಒಂದು ಅಡಿ ಅಗಲದ ಉದ್ದನೆ ಪಟ್ಟಿಯಾಗಿ ಎಬ್ಬಿಸುತ್ತಿತ್ತು. ಆ ಪಟ್ಟಿಯನ್ನು ಗುದ್ದಲಿಯಿಂದ ಎರಡು-ಮೂರು ಅಡಿಗೊಂದರಂತೆ ಕತ್ತರಿಸಿದರೆ ಹೆಂಟೆ ಸಿದ್ಧ. ಹುಲ್ಲಿನ ಮುಖ ಕೆಳಗೆ ಮಾಡಿ, ಇಟ್ಟಿಗೆ ಥರ ಒಂದರ ಮೇಲೊಂದು ಇಡೋದು. ಗೋಡೆ ಎರಡು ಅಡಿ, ಕೆಲವೆಡೆ ಮೂರು ಅಡಿ ದಪ್ಪ. ಮೇಲೆ ಒಂದು ದೊಡ್ಡ ತೊಲೆ, ಅದಕ್ಕೆ ಕೊಂಬೆಗಳು, ಅದರ ಮೇಲೂ ಹೆಂಟೆ. ಒಂದು ಸಣ್ಣ ಮನೆಗೆ ಅರ್ಧ ಎಕರೆಯಿಂದ ಒಂದು ಎಕರೆ ಹುಲ್ಲುನೆಲ ಎದ್ದು ಬರುತ್ತಿತ್ತು. ಜನ ಇದಕ್ಕೆ ಇಟ್ಟ ಅಡ್ಡಹೆಸರು ‘ನೆಬ್ರಾಸ್ಕದ ಅಮೃತಶಿಲೆ’.

ಒಳ್ಳೆಯ ಗುಣ: ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ, ಬೆಂಕಿ ಸುಲಭಕ್ಕೆ ಹಿಡಿಯಲ್ಲ.

ಕೆಟ್ಟ ಗುಣ: ಮಳೆ ಬಂದರೆ ಸೋರುತ್ತೆ, ಅದೂ ಕೆಸರು ನೀರು. ಹೊರಗೆ ಮಳೆ ನಿಂತ ಮೇಲೂ ಒಳಗೆ ನಿಲ್ಲಲ್ಲ. ಒಣಗಿದರೆ ಮಣ್ಣು ಉದುರುತ್ತೆ, ಪಾತ್ರೆಗೂ ಹಾಸಿಗೆಗೂ. ಗೋಡೆಯೊಳಗೆ ಇಲಿ, ಹುಳ, ಕೆಲವೊಮ್ಮೆ ಹಾವು. ಮಣ್ಣು ಬೀಳದ ಹಾಗೆ ಅನೇಕರು ಚಾವಣಿ ಕೆಳಗೆ ಬಟ್ಟೆ ಕಟ್ಟುತ್ತಿದ್ದರು.

ಮ್ಯಾಟಿ ಬಂದು ಸೇರಿದ್ದು ಇಂಥ ಮನೆಗೆ. ನೆಲಕ್ಕೆ ಹಲಗೆ ಇಲ್ಲ, ಬರೀ ಮಣ್ಣು. ಅವಳು ಏನು ಮಾಡಿದಳು ನೋಡಿ: ಗಾಡಿಗೆ ಹೊದಿಸಿದ್ದ ಕ್ಯಾನ್ವಾಸನ್ನು ಎರಡಾಗಿ ಹರಿದು ಎರಡು ಗೋಡೆಗೆ ಕಟ್ಟಿದಳು. ಉಳಿದ ಕಡೆ ಕಾಗದ ಅಂಟಿಸಿದಳು. ಪ್ರಯಾಣ ಮುಗಿಯಿತು, ಇನ್ನು ಗಾಡಿಗೆ ಹೊದಿಕೆ ಬೇಡ ಅಂತ ಅವಳು ಬಾಯಿಬಿಟ್ಟು ಹೇಳಲಿಲ್ಲ. ಆ ಬಟ್ಟೆ ಹರಿದದ್ದೇ ಹೇಳುತ್ತೆ.

ಭಾಗ 5/9: ಜೂನ್ 16, 1873

ಇಡೀ ಸಂಗ್ರಹದಲ್ಲಿ ನಾನು ಮತ್ತೆ ಮತ್ತೆ ತೆರೆದು ಓದಿದ ಕಾಗದ ಇದು. ಮ್ಯಾಟಿ ತವರಿನ ಕಡೆಯ ಜಾರ್ಜ್ ಮತ್ತು ಅವನ ಮನೆಯವರಿಗೆ ಬರೆದದ್ದು. ಅವಳ ಬರವಣಿಗೆಯಲ್ಲಿ ಪೂರ್ಣವಿರಾಮ ಹುಡುಕಿದರೂ ಸಿಗೋದು ಕಷ್ಟ. ಕಾಗುಣಿತ ಕಿವಿಗೆ ಕೇಳಿದ ಹಾಗೆ. ಒಂದೇ ಉಸಿರಲ್ಲಿ ಮಾತಾಡಿದಂತೆ ಬರೆದಿದ್ದಾಳೆ. ನಮ್ಮ ವಾಯ್ಸ್ ನೋಟ್ ಅನ್ಕೊಳ್ಳಿ.

ಅದರ ಸಾರ ಇಷ್ಟು. ನಾವು ಮಣ್ಣಿನ ಮನೆಯಲ್ಲಿದ್ದೀವಿ ಅಂತ ಕೇಳಿ ನೀವು ಅಯ್ಯೋ ಪಾಪ ಅನ್ಕೊಂಡಿರ್ತೀರಿ. ಆದರೆ ನಿಜವಾಗಿ ಹೇಳ್ತೀನಿ, ನಾನು ಇಷ್ಟು ಖುಷಿಯಾಗಿ ಎಂದೂ ಇರಲಿಲ್ಲ. ಹೊಸದರಲ್ಲಿ ಹಾಗೇ ಅನ್ಸುತ್ತೆ ಅಂತ ಜಾರ್ಜ್ ಹೇಳಬಹುದು. ಅಲ್ಲ. ಇದು ನಮ್ಮದು ಅನ್ನೋದೇ ಕಾರಣ. ಮುಂದಿನ ವಸಂತಕ್ಕೆ ಎಲ್ಲಿಗೆ ಹೋಗೋದು ಅನ್ನೋ ಚಿಂತೆ ಇಲ್ಲ. ಹಾಕೋ ಒಂದೊಂದು ಪೆಟ್ಟೂ ನಮಗೋಸ್ಕರ, ಅರ್ಧ ಇನ್ನೊಬ್ಬರಿಗಲ್ಲ.

ಒಂದನೇ ಭಾಗದ ಹಿಲ್ಟನ್ ಮನೆಯವರನ್ನು ನೆನಪು ಮಾಡ್ಕೊಳ್ಳಿ. ಅವರು ಮಣ್ಣಿನ ಮನೆಯನ್ನು ಚೌಕಟ್ಟಿನಿಂದ ಹೊರಗಿಟ್ಟರು. ಮ್ಯಾಟಿ ಅದನ್ನೇ ಮುಂದೆ ತಂದು ನಿಲ್ಲಿಸಿದಳು. ಹಲಗೆ ನೆಲ ಇಲ್ಲ ಅನ್ನೋದನ್ನೂ ಮುಚ್ಚಿಡಲಿಲ್ಲ.

ಹಾಗಾದರೆ ಇದು ಪೂರ್ತಿ ನಿಜವೇ? ಇತಿಹಾಸ ಓದುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಕಾಗದ ಯಾರಿಗೆ ಬರೆದದ್ದು? ತವರಿಗೆ. ತವರಿಗೆ ಬರೆಯೋ ಹೆಣ್ಣುಮಗಳು ಸುದ್ದಿ ಒಂದನ್ನೇ ಕಳಿಸಲ್ಲ, ಧೈರ್ಯವನ್ನೂ ಕಳಿಸ್ತಾಳೆ. ಜಾರ್ಜ್ ಏನನ್ನಬಹುದು ಅಂತ ಅವಳೇ ಊಹಿಸಿ, ಅವಳೇ ಉತ್ತರ ಕೊಡ್ತಾಳೆ ಅಂದ್ರೆ, ಆ ವಾದ ಮೊದಲೇ ನಡೆದಿರಬೇಕು. ಹೋಗಬೇಡ ಅಂದವರು ಇದ್ದಿರಬೇಕು. ಇದು ನನ್ನ ಓದು.

ಆದರೂ ಆ ಖುಷಿ ನಾಟಕ ಅಂತ ನನಗನ್ನಿಸಲ್ಲ. ಗೇಣಿದಾರರ ಮನೇಲಿ ಬೆಳೆದವರಿಗೆ ‘ಅರ್ಧ ಇನ್ನೊಬ್ಬರಿಗಲ್ಲ’ ಅನ್ನೋ ಮಾತಿನ ತೂಕ ಏನು ಅಂತ ಗೊತ್ತು. ಆ ಲೆಕ್ಕ ಅವಳು ಬರೀ ಕಾಗದದಲ್ಲಿ ಕಲಿತದ್ದಲ್ಲ.

ನೆನಪಿಡಬೇಕಾದ ಪದ: ನಮ್ಮದು. ಮುಂದಿನ ಭಾಗಗಳೆಲ್ಲ ಈ ಒಂದು ಪದದ ಸುತ್ತಲೇ.

ಭಾಗ 6/9: ಒಂದು ದಿನ ಅಂದ್ರೆ

ಕಾಗದದಲ್ಲಿ ಒಂದು ಸಾಲಲ್ಲಿ ಮುಗಿಯೋ ಕೆಲಸಕ್ಕೆ ನಿಜದಲ್ಲಿ ಎಷ್ಟು ಹೊತ್ತು ಹಿಡಿಯುತ್ತಿತ್ತು? ಆ ಬಯಲಿನ ರೈತ ಮನೆಗಳ ಒಂದು ದಿನ ಹೀಗಿತ್ತು.

ನೀರು: ಹಳ್ಳ ಹತ್ತಿರ ಇದ್ದರೆ ಅದೃಷ್ಟ. ಇಲ್ಲದಿದ್ದರೆ ಬಾವಿ, ಅದನ್ನೂ ಕೈಯಲ್ಲೇ ತೋಡಬೇಕು. ಎತ್ತರದ ನೆಲದಲ್ಲಿ ನೀರು ಬಹಳ ಆಳ. ಬಾವಿ ಆಗುವ ತನಕ ಪೀಪಾಯಿಯಲ್ಲಿ ತುಂಬಿಕೊಂಡು ಗಾಡಿಯಲ್ಲಿ ತರೋದು. ಬಟ್ಟೆ ಒಗೆಯೋ ದಿನ ಅಂದ್ರೆ ಮನೆಯ ಹೆಂಗಸಿಗೆ ಬೇರೆ ಕೆಲಸವೇ ಆಗುತ್ತಿರಲಿಲ್ಲ.

ಒಲೆ: ಸೌದೆ ಎಲ್ಲಿಂದ ಬರಬೇಕು? ಬೈಸನ್ ಹಿಂಡು ಓಡಾಡಿದ್ದ ಕಡೆ ಅದರ ಒಣ ಸಗಣಿ ಆರಿಸಿ ಉರಿಸಿದರು. ಬೆರಣಿ ಹಚ್ಚಿದ ಒಲೆ ಕಂಡ ನಮಗೆ ಇದು ವಿಚಿತ್ರವೇನಲ್ಲ. ಪೂರ್ವದ ಪಟ್ಟಣಗಳಿಂದ ಬಂದ ಹೆಂಗಸರು ಮೊದಮೊದಲು ಅದನ್ನು ಮುಟ್ಟೋಕೆ ಹೇಸಿ, ಆಮೇಲೆ ಅಭ್ಯಾಸ ಮಾಡಿಕೊಂಡರು. ಅದೂ ಸಿಗದ ಕಡೆ ಮೆಕ್ಕೆಜೋಳದ ಬೆಂಡು, ಅದೂ ಮುಗಿದರೆ ಒಣಹುಲ್ಲನ್ನು ಹಗ್ಗದ ಥರ ಹೊಸೆದು ಒಲೆಗೆ ತುರುಕೋದು. ಹುಲ್ಲು ಕ್ಷಣದಲ್ಲಿ ಉರಿದು ಹೋಗುತ್ತೆ. ರೊಟ್ಟಿ ಬೇಯುವ ತನಕ ಯಾರಾದರೂ ಹೊಸೀತಾ ಕೂತಿರಬೇಕು.

ಹೊಲ: ಮೊದಲ ವರ್ಷ ನೆಲ ಹದಕ್ಕೆ ಬರೋದಿಲ್ಲ. ಮಗುಚಿದ ಹೆಂಟೆಯನ್ನು ಕೊಡಲಿಯಿಂದ ಸೀಳಿ, ಸೀಳಿನಲ್ಲಿ ಮೆಕ್ಕೆಜೋಳದ ಬೀಜ ಹಾಕಿ, ಕಾಲಲ್ಲಿ ತುಳಿದು ಮುಚ್ಚುತ್ತಿದ್ದರು. ಸಿಕ್ಕಿದಷ್ಟು ಬೆಳೆ. ಜೊತೆಗೆ ಆಲೂಗಡ್ಡೆ, ಹುರುಳಿಕಾಯಿ, ಕೋಳಿ, ಒಂದು ಹಸು ಇದ್ದರೆ ಬೆಣ್ಣೆ. ಮೊಟ್ಟೆ, ಬೆಣ್ಣೆ ಮಾರಿ ಅಂಗಡಿ ಸಾಮಾನು ತರುವುದು ಹೆಚ್ಚಾಗಿ ಮನೆಯ ಹೆಂಗಸಿನ ಲೆಕ್ಕ.

ಭಾನುವಾರ: ಯಾರದಾದರೂ ಮನೆಯಲ್ಲೋ ಶಾಲೆಯಲ್ಲೋ ಪ್ರಾರ್ಥನೆ ಸಭೆ. ಆಬ್ಲಿಂಗರ್ ಕಾಗದಗಳಲ್ಲಿ ಬೆಳೆ, ನೆರೆಹೊರೆ, ದುಡ್ಡಿನ ತಾಪತ್ರಯದ ಜೊತೆಗೆ ಈ ಸಭೆಗಳ ಸುದ್ದಿಯೂ ಬರುತ್ತೆ. ದೇವರ ಮಾತಿನಷ್ಟೇ ಮನುಷ್ಯರ ಮಾತೂ ಬೇಕಿತ್ತು ಅವರಿಗೆ.

ಕಾಗದ: ಹಳ್ಳಿ ಮನೆಗಳಿಗೆ ಅಂಚೆಯವನು ಬರೋ ಪದ್ಧತಿ ಅಮೆರಿಕದಲ್ಲಿ ಶುರುವಾದದ್ದೇ 1896ರಲ್ಲಿ. ಅಲ್ಲಿಯವರೆಗೆ ಅಂಚೆ ಕಚೇರಿಗೆ ತಾವೇ ಹೋಗಬೇಕು. ಯಾರಾದರೂ ಆ ಕಡೆ ಹೊರಟರೆ ನೆರೆಯವರ ಕಾಗದವೂ ಅವರ ಜೇಬಲ್ಲಿ.

ಇಷ್ಟೆಲ್ಲ ಮುಗಿಸಿ, ರಾತ್ರಿ ದೀಪದ ಎಣ್ಣೆ ಉಳಿದಿದ್ದರೆ, ಆಗ ಬರೆಯೋದು: ನಾವಿಲ್ಲಿ ಕ್ಷೇಮ.

ಭಾಗ 7/9: ಆಕಾಶ ಕಪ್ಪಾದ ಬೇಸಿಗೆ

1874ರ ಜುಲೈ ಕೊನೆ. ಮ್ಯಾಟಿ ಬಂದು ಒಂದು ವರ್ಷ ಕಳೆದಿತ್ತು. ಬಯಲಿನ ರೈತರು ದೂರದಲ್ಲಿ ಮೋಡ ಕಂಡು ಮಳೆ ಅನ್ಕೊಂಡರು. ಮೋಡ ಹತ್ತಿರ ಬಂದಾಗ ಮಿನುಗುತ್ತಿತ್ತು. ಮಿಡತೆ!

ರಾಕಿ ಪರ್ವತದ ಮಿಡತೆ ಅಂತ ಅದರ ಹೆಸರು. ಡಕೋಟದಿಂದ ಟೆಕ್ಸಾಸ್‌ವರೆಗೆ ಆ ವರ್ಷ ಅದು ಇಳಿಯಿತು. ನಿಂತ ಮೆಕ್ಕೆಜೋಳ ಗಂಟೆಗಳಲ್ಲಿ ಬರೀ ದಂಟು. ಈರುಳ್ಳಿಯನ್ನು ನೆಲದೊಳಗಿಂದ ತಿಂದು ಗುಳಿ ಉಳಿಸಿತು. ಉಳಿಸಿಕೊಳ್ಳೋಣ ಅಂತ ಹೆಂಗಸರು ಗಿಡಗಳ ಮೇಲೆ ಹೊದಿಸಿದ ಕಂಬಳಿಯನ್ನೂ ತಿಂದಿತು. ಕುದುರೆಯ ಸರಂಜಾಮಿನ ಚರ್ಮ, ಬೆವರಿನ ಉಪ್ಪು ಹತ್ತಿದ ಗುದ್ದಲಿಯ ಹಿಡಿ, ಯಾವುದನ್ನೂ ಬಿಡಲಿಲ್ಲ. ಹಳಿಯ ಮೇಲೆ ಅರೆದ ಮಿಡತೆಗಳ ಜಿಡ್ಡಿಗೆ ರೈಲಿನ ಚಕ್ರ ಜಾರುತ್ತಿತ್ತು.

ಆಮೇಲೆ ಬಂದದ್ದು ಹಸಿವು. ನೆಬ್ರಾಸ್ಕದಲ್ಲಿ ಪರಿಹಾರ ಸಮಿತಿ ಹುಟ್ಟಿತು, ಪೂರ್ವದ ಊರುಗಳಿಂದ ಧಾನ್ಯ, ಬಟ್ಟೆ ಬಂತು. ಸೈನ್ಯ ತನ್ನ ಉಗ್ರಾಣದ ಕೋಟು, ಬೂಟುಗಳನ್ನು ರೈತರಿಗೆ ಹಂಚಿತು. ಬಹಳ ಜನ ಗಾಡಿ ಕಟ್ಟಿ ಬಂದ ದಾರಿಯಲ್ಲೇ ವಾಪಸ್ ಹೋದರು.

ಆಬ್ಲಿಂಗರ್ ದಂಪತಿ ಹೋಗಲಿಲ್ಲ. ಅವರ ಕಾಗದಗಳಲ್ಲಿ ಮಿಡತೆ ಬರುತ್ತೆ, ಸಾಲ ಬರುತ್ತೆ. 160 ಎಕರೆ ಬಿಟ್ಟಿ ಸಿಕ್ಕಿದರೂ ನೇಗಿಲು ಬಿಟ್ಟಿ ಅಲ್ಲ, ಬೀಜ ಬಿಟ್ಟಿ ಅಲ್ಲ, ಕುದುರೆ ಬಿಟ್ಟಿ ಅಲ್ಲ. ಬೆಳೆ ಬಂದಾಗ ಎಲ್ಲರಿಗೂ ಒಟ್ಟಿಗೆ ಬಂದು ಬೆಲೆ ಬೀಳೋದು, ಬೆಲೆ ಏರಿದಾಗ ಬೆಳೆ ಇರದಿರೋದು. ಈ ಕಥೆ ಕೇಳೋಕೆ ನೆಬ್ರಾಸ್ಕಕ್ಕೇ ಹೋಗಬೇಕಾಗಿಲ್ಲ, ಬಿಡಿ.

ಇನ್ನೊಂದು ವಿಷಯ. ಆಕಾಶ ಮುಚ್ಚಿದ ಆ ಮಿಡತೆ ಈಗ ಭೂಮಿ ಮೇಲೆ ಇಲ್ಲ. ಅದು ಜೀವಂತವಾಗಿ ಕೊನೆಗೆ ಕಂಡದ್ದು 1902ರಲ್ಲಿ. ಅದು ಮೊಟ್ಟೆ ಇಡುತ್ತಿದ್ದ ಪರ್ವತ ಕಣಿವೆಗಳ ನದಿದಂಡೆಗಳನ್ನೇ ವಲಸೆ ರೈತರು ಉತ್ತು, ದನ ಮೇಯಿಸಿದ್ದು ಅದರ ಅಳಿವಿಗೆ ಕಾರಣ ಅನ್ನೋದು ವಿಜ್ಞಾನಿಗಳ ಒಂದು ಮುಖ್ಯ ವಾದ. ಅದರ ಮನೆಯನ್ನು ತೆಗೆಯುತ್ತಿದ್ದೀವಿ ಅಂತ ಉತ್ತವರಿಗೇ ಗೊತ್ತಿರಲಿಲ್ಲ.

ಭಾಗ 8/9: ನಮ್ಮದು ಅಂದ್ರೆ ಯಾರದು?

ಎರಡನೇ ಭಾಗದ ಪ್ರಶ್ನೆಗೆ ಬರೋಣ. ಸರ್ಕಾರಕ್ಕೆ ಆ ನೆಲ ಎಲ್ಲಿಂದ ಬಂತು?

ಪ್ಲ್ಯಾಟ್ ನದಿಯ ದಕ್ಷಿಣದ ಈ ಬಯಲು ಪಾನೀ ಜನರ ನಾಡಾಗಿತ್ತು. ಪಾನೀ ಹೆಂಗಸರು ಮೆಕ್ಕೆಜೋಳ, ಹುರುಳಿ, ಕುಂಬಳ ಬೆಳೆಯುತ್ತಿದ್ದರು. ವರ್ಷಕ್ಕೆ ಎರಡು ಸಲ ಇಡೀ ಊರು ಬೈಸನ್ ಬೇಟೆಗೆ ಹೊರಡುತ್ತಿತ್ತು. ಅವರ ಮನೆಗಳು ಯಾವುದರಿಂದ ಆಗಿದ್ದವು ಗೊತ್ತಾ? ಮರದ ಕಂಬ, ಹುಲ್ಲು, ಮೇಲೆ ಮಣ್ಣು. ನೆಬ್ರಾಸ್ಕದ ಮಣ್ಣಿನ ಮನೆಯನ್ನು ವಲಸೆ ಬಂದವರು ಕಂಡುಹಿಡಿದದ್ದಲ್ಲ. ಆ ಬಯಲಲ್ಲಿ ಬದುಕೋ ದಾರಿ ಅದು ಅಂತ ಪಾನೀಗಳಿಗೆ ನೂರಾರು ವರ್ಷದಿಂದ ಗೊತ್ತಿತ್ತು.

1833ರ ಒಪ್ಪಂದದಲ್ಲಿ ಪ್ಲ್ಯಾಟ್‌ನ ದಕ್ಷಿಣದ ನೆಲ ಅವರ ಕೈಬಿಟ್ಟಿತು. 1857ರ ಒಪ್ಪಂದದ ಹೊತ್ತಿಗೆ ಉಳಿದದ್ದು ಒಂದು ಸಣ್ಣ ಮೀಸಲು ಪ್ರದೇಶ. ಮ್ಯಾಟಿ ‘ಇದು ನಮ್ಮದು’ ಅಂತ ಬರೆದ ಎರಡು ತಿಂಗಳೊಳಗೆ, 1873ರ ಆಗಸ್ಟ್ 5ರಂದು, ಅದೇ ರಾಜ್ಯದ ನೈಋತ್ಯ ಮೂಲೆಯಲ್ಲಿ ಬೇಟೆಗೆ ಹೋಗಿದ್ದ ಪಾನೀಗಳ ಮೇಲೆ ಅವರ ಹಳೇ ವೈರಿಗಳಾದ ಸೂ ಜನರ ಯೋಧರು ಬಿದ್ದರು. ಹೆಂಗಸರು, ಮಕ್ಕಳು ಸೇರಿ ಬಹಳ ಮಂದಿ ಸತ್ತರು. ಕುಗ್ಗುತ್ತಿದ್ದ ಬೈಸನ್ ಹಿಂಡಿಗಾಗಿ ಎರಡೂ ಜನ ಒಂದೇ ಜಾಗಕ್ಕೆ ಬರಬೇಕಾಗಿತ್ತು. 1875ರ ಹೊತ್ತಿಗೆ ಪಾನೀಗಳು ನೆಬ್ರಾಸ್ಕ ಬಿಟ್ಟು ದಕ್ಷಿಣದ ಈಗಿನ ಒಕ್ಲಹೋಮಕ್ಕೆ ಹೊರಟುಹೋದರು.

ಒಬ್ಬರು ಗಂಟುಮೂಟೆ ಬಿಚ್ಚುತ್ತಿದ್ದಾಗ ಇನ್ನೊಬ್ಬರು ಕಟ್ಟುತ್ತಿದ್ದರು. ಅದೇ ವರ್ಷಗಳಲ್ಲಿ, ಅದೇ ಬಯಲಲ್ಲಿ.

ಎರಡನೆಯದು: ‘ನಮ್ಮ’ ಅಂತ ಬರೆದವಳ ಹೆಸರು ಅರ್ಜಿಯಲ್ಲಿ ಇರಲಿಲ್ಲ. ಹೋಮ್‌ಸ್ಟೆಡ್ ಕಾಯ್ದೆಯಲ್ಲಿ ಮದುವೆಯಾಗದ ಹೆಣ್ಣು, ವಿಧವೆ ತಮ್ಮ ಹೆಸರಲ್ಲೇ ನೆಲ ಪಡೆಯಬಹುದಿತ್ತು. ಆ ಕಾಲಕ್ಕೆ ಅದು ದೊಡ್ಡ ಮಾತು. ಬುಚರ್ 1886ರಲ್ಲಿ ತೆಗೆದ ಕ್ರಿಸ್ಮನ್ ಅಕ್ಕತಂಗಿಯರ ಫೋಟೋ ಹುಡುಕಿ ನೋಡಿ. ನಾಲ್ವರು ಹುಡುಗಿಯರು, ಹಿಂದೆ ಹೆಂಟೆ ಮನೆ, ಮುಖದಲ್ಲಿ ಯಾವ ಸಂಕೋಚವೂ ಇಲ್ಲ. ಆದರೆ ಗಂಡನ ಜೊತೆ ಇರೋ ಹೆಂಡತಿಗೆ ಆ ಹಕ್ಕಿರಲಿಲ್ಲ. ಮನೆಯ ಯಜಮಾನ ಗಂಡ, ಅರ್ಜಿ ಅವನದು.

ಮ್ಯಾಟಿಯದು ಸುಳ್ಳಲ್ಲ. ಅವಳು ಕಂಡದ್ದನ್ನೇ ಬರೆದಳು. ಆದರೆ ಪ್ರಾಮಾಣಿಕ ಕಾಗದಕ್ಕೂ ಒಂದು ಚೌಕಟ್ಟು ಇರುತ್ತೆ. ಅವಳು ತನ್ನ ಮಣ್ಣಿನ ಮನೆಯನ್ನು ಧೈರ್ಯವಾಗಿ ಒಳಗೆ ತಂದಳು. ಅದಕ್ಕೂ ಮುಂಚಿನ ಮಣ್ಣಿನ ಮನೆ ಹೊರಗೇ ಉಳಿಯಿತು.

ಭಾಗ 9/9: ಅವಳು ಬರೆಯದ ಕಾಗದ

ಆ ಹೆಂಟೆ ಮನೆಯ ಬದುಕಲ್ಲಿ ಎಲ್ಲಾಳ ನಂತರ ಇನ್ನೂ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. 1880ರಲ್ಲಿ ಮ್ಯಾಟಿ ಮತ್ತೆ ಬಸುರಿ. ಆ ಹೆರಿಗೆಯಲ್ಲಿ ಅವಳು ತೀರಿಕೊಂಡಳು. ಮಗುವೂ ಉಳಿಯಲಿಲ್ಲ.

ಬಯಲಿನ ಹೆಂಗಸರಿಗೆ ಹೆರಿಗೆ ಅಂದ್ರೆ ನೆರೆಮನೆಯವಳೋ ಸೂಲಗಿತ್ತಿಯೋ. ವೈದ್ಯರು ಬಂದರೂ ಅವರ ಚೀಲದಲ್ಲಿ ಆ ಕಾಲಕ್ಕೆ ಇದ್ದದ್ದು ಬಹಳ ಕಡಿಮೆ. ಇಂಥ ಸಾವು ಪಟ್ಟಣದಲ್ಲೂ ಆಗುತ್ತಿತ್ತು. ಆದರೆ ಬಯಲಲ್ಲಿ ತಾಯಿ ಇಲ್ಲದ ಮೂವರು ಮಕ್ಕಳನ್ನು ಎತ್ತಿಕೊಳ್ಳೋಕೆ ಅಜ್ಜಿ ಮನೆ ಪಕ್ಕದ ಬೀದಿಯಲ್ಲಿರಲಿಲ್ಲ, ಇಂಡಿಯಾನಾದಲ್ಲಿತ್ತು.

ತವರಿಗೆ ಸುದ್ದಿ ಕೊಡುವ ಕೆಲಸ ಈಗ ಯುರಾಯನ ಪಾಲಿಗೆ ಬಂತು. ಏಳು ವರ್ಷದ ಹಿಂದೆ ಬಾ, ಇಲ್ಲಿ ಕಣ್ಣು ಹಾಯುವಷ್ಟು ನೆಲ ಇದೆ ಅಂತ ಬರೆದ ಅದೇ ಕೈ.

ಮುಂದೆ ಅವನು ಲಾರಾ ಬೇಕನ್ ಎಂಬಾಕೆಯನ್ನು ಮದುವೆಯಾದ. ಮತ್ತೆ ಮಕ್ಕಳಾದರು, ಮತ್ತೆ ಊರು ಬದಲಾಯಿತು, ದುಡ್ಡಿನ ಕಷ್ಟ ತಪ್ಪಲಿಲ್ಲ. 1901ರಲ್ಲಿ ತೀರಿಕೊಂಡ. ಅವನ ನಂತರವೂ ಮನೆಯವರು ಒಬ್ಬರಿಗೊಬ್ಬರು ಬರೆಯುತ್ತಲೇ ಇದ್ದರು. ಮುಂದಿನ ವಸಂತಕ್ಕೆ ಎಲ್ಲಿಗೂ ಹೋಗಬೇಕಾಗಿಲ್ಲ ಅಂತ ಮ್ಯಾಟಿ ಖುಷಿಪಟ್ಟಿದ್ದಳಲ್ಲ, ಆ ಖುಷಿ ಅವಳ ಗಂಡನ ಪಾಲಿಗೆ ಬಾಳಲಿಲ್ಲ.

ಇಡೀ ದೇಶದ ಲೆಕ್ಕ ಕೇಳಿ: ಹೋಮ್‌ಸ್ಟೆಡ್ ಕಾಯ್ದೆಯಡಿ ಕೊನೆಗೆ ಸುಮಾರು 16 ಲಕ್ಷ ಹಕ್ಕುಪತ್ರ, ಸುಮಾರು 27 ಕೋಟಿ ಎಕರೆ. ಅಮೆರಿಕದ ನೆಲದ ಹತ್ತನೇ ಒಂದು ಭಾಗ. ಪಠ್ಯಪುಸ್ತಕದಲ್ಲಿ ಇದು ಒಂದು ಸಾಲು. ಆ ಸಾಲಿನೊಳಗೆ ಗಾಡಿಯ ಬಟ್ಟೆ ಹರಿದು ಗೋಡೆಗೆ ಕಟ್ಟಿದ ಒಬ್ಬಳು ಮ್ಯಾಟಿ ಇದ್ದಾಳೆ ಅಂತ ಗೊತ್ತಾಗೋದು ಕಾಗದದಿಂದ ಮಾತ್ರ. ಆ ಸಾಲಿನ ಹೊರಗೆ ಪಾನೀಗಳಿದ್ದಾರೆ ಅಂತ ಗೊತ್ತಾಗಬೇಕಾದರೆ ಕಾಗದವೊಂದೇ ಸಾಲದು, ಪಕ್ಕದಲ್ಲಿ ಒಪ್ಪಂದಗಳನ್ನೂ ಇಟ್ಟುಕೊಂಡು ಓದಬೇಕು.

ಹಾಗಾಗಿ ಮೊದಲ ಪ್ರಶ್ನೆಗೆ ನನ್ನ ಉತ್ತರ: ‘ಕ್ಷೇಮ’ ಅಂತ ಬರೆದದ್ದನ್ನು ಸುಳ್ಳು ಅಂತ ತಳ್ಳಬೇಡಿ, ಪೂರ್ತಿ ನಿಜ ಅಂತ ನುಂಗಲೂಬೇಡಿ. ಯಾರು ಬರೆದರು, ಯಾರಿಗೆ ಬರೆದರು, ಯಾವ ಪೆಟ್ಟು ತಿಂದವರು ಬರೆದರು, ಯಾರ ಕಾಗದ ನಮ್ಮ ಕೈಗೆ ಬರಲೇ ಇಲ್ಲ, ಈ ನಾಲ್ಕನ್ನು ಕೇಳಿ.

ಒಂದು ಕೆಲಸ ಕೊಡ್ತೀನಿ. ಈ ಸಲ ಊರಿಗೆ ಹೋದಾಗ ಟ್ರಂಕಿನಲ್ಲೋ ದೇವರ ಮನೆಯ ಮಾಡಿನಲ್ಲೋ ಹಳೇ ಕಾಗದ ಇದೆಯಾ ಅಂತ ಮನೆಯವರನ್ನು ಕೇಳಿ. ಸಿಕ್ಕಿದರೆ ಅವರ ಒಪ್ಪಿಗೆ ತಗೊಂಡು, ಫೋಟೋ ಹಿಡಿದು ಇಟ್ಟುಕೊಳ್ಳಿ, ಗೆದ್ದಲಿಗೆ ಬಿಡಬೇಡಿ. ಓದುವಾಗ ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕ್ಷೇಮ ಅಂತ ಬರೆದ ದಿನ ಮನೇಲಿ ನಿಜವಾಗಿ ಏನಾಗಿತ್ತು ಅಂತ ಅವರನ್ನೇ ಕೇಳಿ.

ಸರಣಿ ಮುಗೀತು. ನಾನಿಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಕೆಳಗೆ ಬರೆಯಿರಿ.

#ಕಾಗದದಲ್ಲಿ_ಇತಿಹಾಸ #ಹೆಂಟೆಮನೆ #ಇತಿಹಾಸ_ಓದು #ಕನ್ನಡದಲ್ಲೇ_ಓದಿ